ಸಂಘದ ಮೇಷ್ಟರು: ಜಿ. ಪಿ. ರಾಜರತ್ನಂ

ಈ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಕಾಲೇಜಿನ ಕನ್ನಡ ಸಂಘದ ಮೊದಲ ಸಭೆ ಸೇರಿದಾಗ ಕೊಠಡಿಯಲ್ಲಿದ್ದವರು ಒಟ್ಟು ಒಂಬತ್ತು ಜನ. ಅವರಲ್ಲಿ ಇಬ್ಬರು ಅಧ್ಯಾಪಕರು; ಒಬ್ಬ ಮಿತ್ರ ಮಳೆ ನಿಲ್ಲುವವರೆಗೆ ಕುಳಿತಿರೋಣವೆಂದು ಒಳಗೆ ಬಂದವನು. ಸಭೆ ಅರ್ಧಕ್ಕೆ ಬರುವ ಹೊತ್ತಿಗೆ ಹೊರಗೆ ಬಸ್ಸಿನ ಸದ್ದು ಕೇಳಿಸಿ ಮತ್ತೆ ಮೂವರು ಎದ್ದುಹೋದರು. ಅವರನ್ನು ನಾನು ದೂರುವಂತಿಲ್ಲ, ಏಕೆಂದರೆ ಆ ಮೂವರಲ್ಲಿ ನಾನೂ ಒಬ್ಬ. ಬೈರಾಪಟ್ಟಣದಿಂದ ದಿನವೂ ಬಂದು ಹೋಗುವ ನನಗೆ ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದ ಬರುವವರ ಪಾಡು ಇನ್ನೂ ಕಷ್ಟ. ಹೀಗೆ ಬೆಳಗ್ಗೆ ಬಂದು ಸಂಜೆ ಚದುರಿಹೋಗುವ ನಾವು ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತೂ ಪಕ್ಕದವನ ಊರು ಯಾವುದೆಂದು ತಿಳಿಯದೆ ಪದವಿ ಪತ್ರ ಪಡೆದು ಹೊರಟುಬಿಡುವುದುಂಟು.

ಮರುದಿನ ನಮ್ಮ ಕನ್ನಡ ಅಧ್ಯಾಪಕರು ನನ್ನನ್ನು ಕರೆದು ಗದರಿಸಲಿಲ್ಲ. ಬೈಗುಳಕ್ಕೆ ಬದಲಾಗಿ ಒಂದು ಕೆಲಸ ಕೊಟ್ಟರು. ನಮ್ಮ ಸೀಮೆಯಲ್ಲಿಯೇ ಹುಟ್ಟಿದ ಒಬ್ಬ ಮಹನೀಯರು ಕಾಲೇಜಿನ ಸಂಘವೊಂದನ್ನು ಹೇಗೆ ನಡೆಸಿದರೆಂಬುದನ್ನು ಓದಿ ತಿಳಿದು, ಈ ಸಂಚಿಕೆಗೆ ಬರೆದುಕೊಡಬೇಕೆಂದು ಅಪ್ಪಣೆಯಾಯಿತು. ಈ ಲೇಖನದ ಹುಟ್ಟು ಹೀಗೆ.

ಜಿ. ಪಿ. ರಾಜರತ್ನಂ ಎಂದೊಡನೆ ನಮಗೆ ನೆನಪಾಗುವುದು ಎರಡು. ಒಂದು, ಶಿಶುವಿಹಾರದಲ್ಲಿ ಕೈತಟ್ಟಿಕೊಂಡು ಹೇಳಿದ ತುತ್ತೂರಿಯ ಪದ್ಯ. ಇನ್ನೊಂದು, ಹೆಂಡ ಕುಡಿದು ಹಾಡುವ ರತ್ನ. ಅವರು ಇಪ್ಪತ್ತನೆಯ ಶತಮಾನದ ಮೊದಲನೆಯ ದಶಕದ ಕೊನೆಯಲ್ಲಿ, ಡಿಸೆಂಬರ್ ೫ರಂದು, ನಮ್ಮ ರಾಮನಗರದಲ್ಲಿ ಹುಟ್ಟಿದವರೆಂಬ ಸಂಗತಿ ರಾಮನಗರದವರಲ್ಲಿಯೇ ಎಷ್ಟೋ ಜನಕ್ಕೆ ತಿಳಿಯದು. ಆಗ ಈ ಊರಿನ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ಹೆಸರಿನಿಂದ ಬಂದದ್ದು. ಮನೆತನ ಶ್ರೀವೈಷ್ಣವರದು. ಪೂರ್ವಿಕರು ತಮಿಳು ನಾಡಿನಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆಸಿದವರು. ಹೆಸರಿನ ಮೊದಲಿಗಿರುವ ಜಿ. ಪಿ. ಎಂಬ ಅಕ್ಷರಗಳು ಆ ಗುಂಡ್ಲು ಪಂಡಿತ ವಂಶದ ಗುರುತು. ತಂದೆ ಗೋಪಾಲಕೃಷ್ಣ ಅಯ್ಯಂಗಾರ್ಯರು ಉಪಾಧ್ಯಾಯರು. ಮನೆಮಾತು ತಮಿಳಾಗಿದ್ದ ಹುಡುಗನೊಬ್ಬ ಮುಂದೆ ಕನ್ನಡಕ್ಕೆ ಪರಿಚಾರಕನೆಂದು ತನ್ನನ್ನು ತಾನೇ ಕರೆದುಕೊಂಡು ಜೀವಮಾನವನ್ನೆಲ್ಲ ಅದರಲ್ಲಿಯೇ ಕಳೆದನು. ನಮ್ಮ ನಾಡಿನಲ್ಲಿ ಇದೇನೂ ಹೊಸದಲ್ಲ, ಮಾಸ್ತಿಯವರದೂ, ಪು. ತಿ. ನರಸಿಂಹಾಚಾರ್ಯರದೂ ಇದೇ ಕಥೆಯಲ್ಲವೆ?

ಬಾಲ್ಯದ ಸಂಗತಿಗಳನ್ನು ಬೆಳೆಸದೆ ನೇರವಾಗಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಬರೋಣ. ೧೯೨೭ರಲ್ಲಿ ಆ ಕಾಲೇಜಿನಲ್ಲಿ ಕನ್ನಡ ಎಂ. ಎ. ತರಗತಿ ಮೊದಲಾಯಿತು. ಅಲ್ಲಿಯವರೆಗೆ ಕನ್ನಡವನ್ನು ಅಷ್ಟು ಎತ್ತರದಲ್ಲಿ ಓದಬಯಸುವವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕಟ್ಟಬೇಕಾಗಿತ್ತು. ಮೈಸೂರಿನ ಮೊದಲ ತಂಡದಲ್ಲಿ ಓದಿದವರು ಕುವೆಂಪು. ರಾಜರತ್ನಂ ೧೯೩೧ರಲ್ಲಿ ಎಂ. ಎ. ಮುಗಿಸಿದರು. ಅವರ ಗುರುಗಳಾದ ತಳುಕಿನ ವೆಂಕಣ್ಣಯ್ಯನವರು ಎತ್ತರದ ಆಳು, ಅದಕ್ಕಿಂತ ಎತ್ತರದ ಮನಸ್ಸು. ವಿದ್ಯಾರ್ಥಿಗಳಿಗೆ ಅವರ ಮನೆಯ ಬಾಗಿಲು ಸದಾ ತೆರೆದಿತ್ತೆಂದು ಅವರ ಶಿಷ್ಯರೆಲ್ಲರೂ ಬರೆದಿದ್ದಾರೆ. ತಾವು ಬರೆದದ್ದಕ್ಕಿಂತ ಬೇರೆಯವರಿಂದ ಬರೆಸಿದ್ದೇ ಹೆಚ್ಚು ಎನ್ನಿಸಿಕೊಂಡವರು ಅವರು. ೧೯೩೯ರಲ್ಲಿ ಅವರು ತೀರಿಕೊಂಡರು. ಎಷ್ಟೋ ವರ್ಷಗಳ ಮೇಲೆ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆ ಗುರುವಿಗೆ ಅರ್ಪಿಸಿದರು. ಪಾಠ ಹೇಳುವುದು ಬೇರೆ, ವಿದ್ಯಾರ್ಥಿಯನ್ನು ತನ್ನವನೆಂದು ಭಾವಿಸುವುದು ಬೇರೆ ಎಂಬ ವಿವೇಕವನ್ನು ರಾಜರತ್ನಂ ಕಂಡದ್ದು ಇಂಥವರ ಬಳಿಯಲ್ಲಿ.

ಎಂ. ಎ. ಆದ ಮೇಲೆ ಏನು? ಇಂದಿನ ನಮ್ಮ ಪ್ರಶ್ನೆಯೇ ಅಂದಿನದೂ ಆಗಿತ್ತು. ಕನ್ನಡ ಎಂ. ಎ. ಆದವರಿಗೆ ಕೆಲಸವೆಲ್ಲಿ? ಕೆಲವು ಕಾಲ ಮಕ್ಕಳಿಗೆ ಪಾಠ ಹೇಳಿದರು. ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಕನ್ನಡದಲ್ಲಿ ಹಗುರವಾದ, ಕುಣಿಯುವ ಪದ್ಯಗಳಿಲ್ಲವೆಂಬ ಕೊರತೆ ಅವರಿಗೆ ಕಂಡದ್ದು ಆಗಲೇ. ಆ ಕೊರತೆಯನ್ನು ಅವರೇ ತುಂಬಿದರು. ‘ತುತ್ತೂರಿ’, ‘ಕಡಲೆಪುರಿ’ ಮೊದಲಾದ ಪುಸ್ತಕಗಳು ಆ ಬಗೆಯವು. ಬಣ್ಣದ ತುತ್ತೂರಿ ಕೊಂಡ ಹುಡುಗನ ಜಂಬ ನೀರಿನಲ್ಲಿ ಮುಳುಗುವ ಆ ಪುಟ್ಟ ಕಥೆಯನ್ನು ತಿಳಿಯದ ಕನ್ನಡ ಮಗು ಇಲ್ಲವೆಂದೇ ಹೇಳಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳ ನಡುವೆ ಬೆಳೆದ ನನಗೆ ಮಾತ್ರ, ಆ ಕಸ್ತೂರಿ ತಗಡಿನದನ್ನು ಬಿಟ್ಟು ನಮ್ಮೂರ ಕಡೆಯ ಮರದ ಆಟಿಕೆ ಕೊಂಡಿದ್ದರೆ ಇಷ್ಟು ಬೇಗ ಕೆಡುತ್ತಿರಲಿಲ್ಲವಲ್ಲ ಎಂದು ಚಿಕ್ಕಂದಿನಲ್ಲಿ ಅನ್ನಿಸುತ್ತಿದ್ದುದುಂಟು.

ಕೆಲಸ ಹುಡುಕಿ ಅಲೆದ ಆ ದಿನಗಳಲ್ಲಿ ಅವರಿಗೆ ಧೈರ್ಯ ಹೇಳಿ ಸಾಹಿತ್ಯದ ಕೈಂಕರ್ಯಕ್ಕೆ ನಿಲ್ಲಿಸಿದವರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮುಖ್ಯರು. ಅದೇ ಕಾಲದಲ್ಲಿ ಪಾಲಿ ಭಾಷೆಯ ಗ್ರಂಥಗಳನ್ನು ಓದಿ ಬುದ್ಧನ ಮಾತುಗಳನ್ನೂ ಜಾತಕ ಕಥೆಗಳನ್ನೂ ಕನ್ನಡಕ್ಕೆ ತಂದರು. ಇದಕ್ಕಾಗಿ ಶಾಕ್ಯ ಸಾಹಿತ್ಯ ಮಂಟಪವೆಂಬ ಪ್ರಕಟಣ ಸಂಸ್ಥೆಯನ್ನೇ ಕಟ್ಟಿದರು. ಜೈನ ಸಾಹಿತ್ಯದಲ್ಲಿಯೂ ಹಾಗೆಯೇ ದುಡಿದರು. ಒಂದು ಕಡೆ ಹೆಂಡಗುಡುಕನ ಹಾಡು, ಇನ್ನೊಂದು ಕಡೆ ಬುದ್ಧವಚನ! ಅವರು ಹೆಂಡದ ರುಚಿಯನ್ನೇ ನೋಡದವರು. ಆದರೂ ಪುಸ್ತಕ ಓದಿದವರು ಅವರನ್ನು ಕುಡುಕರೆಂದೇ ಬಗೆದು ಬೆರಗಾಗಿ ನೋಡುತ್ತಿದ್ದರಂತೆ.

ಈ ರತ್ನನ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ‘ಯೆಂಡ್ಕುಡ್ಕ ರತ್ನ’ ಹೊರಬಂದದ್ದು ೧೯೩೦ರ ದಶಕದ ಮೊದಲ ಭಾಗದಲ್ಲಿ. ಅನಂತರ ‘ರತ್ನನ ಪದಗಳು’, ‘ನಾಗನ ಪದಗಳು’ ಬಂದವು. ನವೋದಯದ ಕವಿಗಳು ಆಗ ಸಂಸ್ಕೃತದ ಪದಗಳಿಂದ ಸಿಂಗರಿಸಿದ ಭಾವಗೀತೆಗಳನ್ನು ಬರೆಯುತ್ತಿದ್ದ ಕಾಲ. ಅಂಥ ಸಮಯದಲ್ಲಿ ಈ ಎಂ. ಎ. ಪದವೀಧರರು ಹಕಾರವನ್ನು ನುಂಗುವ, ಒತ್ತಕ್ಷರವನ್ನು ತನಗೆ ತೋರಿದಂತೆ ತಿರುಚುವ ಹಳೆಯ ಮೈಸೂರಿನ ಹಳ್ಳಿಯ ಮಾತಿನಲ್ಲಿ ಹಾಡು ಕಟ್ಟಿದರು. ಹೆಂಡ ಯೆಂಡವಾಯಿತು, ಹೆಂಡತಿ ಯೆಂಡ್ತಿಯಾದಳು. ರತ್ನ, ಅವನ ಪುಟ್ನಂಜಿ, ಅವನ ಗಡಂಗು, ಅವನು ಕಂಡ ಮಡಿಕೇರಿಯ ಮಂಜು ಎಲ್ಲವೂ ಆ ಮಾತಿನಲ್ಲಿಯೇ ಜೀವ ತಳೆದವು. ನರಕಕ್ಕೆ ಹೋದರೂ ಕನ್ನಡ ಬಿಡೆನೆಂದು ಹಟ ಹಿಡಿಯುವ ಈ ಕುಡುಕನ ಬಾಯಲ್ಲಿ ಭಾಷಾಭಿಮಾನ ಎಷ್ಟು ಸಹಜವಾಗಿ ಬರುತ್ತದೆಯೋ ಅಷ್ಟು ಸಹಜವಾಗಿ ವೇದಿಕೆಯ ಭಾಷಣಕಾರರ ಬಾಯಲ್ಲಿ ಬಂದುದನ್ನು ನಾನು ಕೇಳಿಲ್ಲ. ಮುಂದೆ ಕಾಳಿಂಗರಾಯರೂ ಮೈಸೂರು ಅನಂತಸ್ವಾಮಿಯವರೂ ಈ ಪದಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಪ್ರೌಢಶಾಲೆ ಮುಗಿಸಿ ಬೇರೆಯ ಊರಿನ ಕಾಲೇಜಿಗೆ ಸೇರಿದ ಮೊದಲ ವಾರ ನಾನು ತರಗತಿಯಲ್ಲಿ ಎದ್ದು ನಿಂತು ಹಾಲು ಎನ್ನಬೇಕಾದೆಡೆ ಆಲು ಎಂದೆ. ಹಿಂದಿನ ಸಾಲಿನಿಂದ ನಗೆ ಕೇಳಿಸಿತು. ನಕ್ಕವರು ಯಾರೆಂದು ಈಗ ಹೇಳಿ ಪ್ರಯೋಜನವಿಲ್ಲ. ಅವರಲ್ಲಿ ಒಬ್ಬಿಬ್ಬರು ಈಗ ನನ್ನ ಸ್ನೇಹಿತರೇ. ಆದರೆ ಆ ವರ್ಷವಿಡೀ ನಾನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ನಮ್ಮಲ್ಲಿ ಹಳ್ಳಿಯಿಂದ ಬಂದವರು ಹಿಂದಿನ ಬೆಂಚಿಗೆ, ಪೇಟೆಯವರು ಮುಂದಿನ ಬೆಂಚಿಗೆ ಎಂದು ಯಾರೂ ಗೆರೆ ಎಳೆದಿಲ್ಲ. ಆದರೂ ಆ ಗೆರೆ ಇದೆ. ಬಹುಮಟ್ಟಿಗೆ ಅದನ್ನು ಎಳೆಯುವುದು ಈ ಹಕಾರವೇ. ರಾಜರತ್ನಂ ಅವರ ಪುಸ್ತಕವನ್ನು ಗ್ರಂಥಾಲಯದಲ್ಲಿ ಮೊದಲ ಸಲ ತೆರೆದಾಗ ನಮ್ಮಜ್ಜಿ ಆಡುವ ಮಾತು ಅಚ್ಚಾಗಿರುವುದನ್ನು ಕಂಡು ನನಗಾದ ಆಶ್ಚರ್ಯವನ್ನು ಬರೆದು ತಿಳಿಸಲಾರೆ. ಪ್ರಾಧ್ಯಾಪಕರು ಪಾಠ ಮಾಡುವ ಪದ್ಯದಲ್ಲಿ ಯೆಂಡ ಎಂದು ಬರೆದಿದ್ದರೆ ನನ್ನ ಆಲು ಎಂಬುದು ಅಷ್ಟು ದೊಡ್ಡ ಅಪರಾಧವಾಗಲಾರದೆಂದು ಧೈರ್ಯ ಬಂತು.

ಇರಲಿ. ೧೯೩೮ರಲ್ಲಿ ರಾಜರತ್ನಂ ಮೈಸೂರು ವಿಶ್ವವಿದ್ಯಾನಿಲಯದ ಸೇವೆಗೆ ಕನ್ನಡ ಪಂಡಿತರಾಗಿ ಸೇರಿದರು. ಪಂಡಿತ ಎಂಬ ಮಾತು ಕೇಳಲು ಗಂಭೀರ; ಆದರೆ ಅಂದಿನ ಕಾಲೇಜುಗಳಲ್ಲಿ ಅದು ಮೆಟ್ಟಿಲಿನ ಕೆಳಗಿನ ಹಂತ. ಇಂಗ್ಲಿಷ್, ಗಣಿತ, ಭೌತಶಾಸ್ತ್ರಗಳನ್ನು ಬೋಧಿಸುವವರಿಗಿದ್ದ ಸ್ಥಾನವಾಗಲಿ ಸಂಬಳವಾಗಲಿ ಕನ್ನಡ ಪಂಡಿತರಿಗಿರಲಿಲ್ಲ. ಮೈಸೂರು, ಬೆಂಗಳೂರು, ಶಿವಮೊಗ್ಗ, ತುಮಕೂರು ಹೀಗೆ ಊರಿಂದೂರಿಗೆ ವರ್ಗವಾಗುತ್ತ ಅವರು ೧೯೬೪ರಲ್ಲಿ ನಿವೃತ್ತರಾದರು. ಈ ಇಪ್ಪತ್ತಾರು ವರ್ಷಗಳಲ್ಲಿ ಅವರ ಹೆಸರಿನೊಡನೆ ಬೆಸೆದುಕೊಂಡ ಸಂಸ್ಥೆಯೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ.

ಆ ಸಂಘದ ಪೂರ್ವೋತ್ತರವನ್ನು ತಿಳಿಯದೆ ಅವರ ಕೆಲಸದ ಬೆಲೆ ತಿಳಿಯದು. ಸೆಂಟ್ರಲ್ ಕಾಲೇಜು ೧೮೫೮ರಲ್ಲಿ ಹೈಸ್ಕೂಲಾಗಿ ಹುಟ್ಟಿ ೧೮೭೫ರಲ್ಲಿ ಕಾಲೇಜಾದದ್ದು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದಕ್ಕೆ ಸೇರಿತು. ಅಲ್ಲಿ ಇಂಗ್ಲಿಷಿನದೇ ರಾಜ್ಯ. ಅಂಥ ಕಡೆ ೧೯೧೮-೧೯ರ ಸುಮಾರಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕರ್ನಾಟಕ ಸಂಘವನ್ನು ಕಟ್ಟಿದರು. ೧೯೧೯ರಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ತ್ರೈಮಾಸಿಕವನ್ನೂ ಹೊರಡಿಸಿದರು. ನಾಲ್ಕಾರು ಜನ ಕನ್ನಡದ ಹುಚ್ಚರು ಸೇರಿ ಹೊರಡಿಸಿದ ಆ ಪತ್ರಿಕೆಯನ್ನು ಮುಂದೆ ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ವೆಂಕಣ್ಣಯ್ಯನವರನ್ನೂ ಕೃಷ್ಣಶಾಸ್ತ್ರಿಗಳನ್ನೂ ಕನ್ನಡದ ಅಶ್ವಿನೀದೇವತೆಗಳೆಂದು ಜನ ಕರೆದದ್ದು ಸುಮ್ಮನೆ ಅಲ್ಲ. ರಾಜರತ್ನಂ ಅವರಿಗೆ ಒಬ್ಬರು ಗುರು; ಇನ್ನೊಬ್ಬರು ನೆಟ್ಟ ಗಿಡಕ್ಕೆ ನೀರೆರೆಯುವ ಕೆಲಸ ಪಾಲಿಗೆ ಬಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ದಿನಗಳಲ್ಲಿ ಪದವಿಯ ಮಟ್ಟದ ಸಾಹಿತ್ಯ, ತತ್ತ್ವಶಾಸ್ತ್ರಗಳೆಲ್ಲ ಮೈಸೂರಿನ ಮಹಾರಾಜಾ ಕಾಲೇಜಿನ ಪಾಲು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮುಖ್ಯವಾಗಿ ವಿಜ್ಞಾನದ ಕಾಲೇಜು. ಅಲ್ಲಿ ಕನ್ನಡವೆಂದರೆ ವಾರಕ್ಕೆ ಕೆಲವು ಗಂಟೆಗಳ ಭಾಷಾಪಾಠ, ತೇರ್ಗಡೆಯಾದರೆ ಸಾಕು ಎನ್ನುವ ವಿಷಯ. ಆದುದರಿಂದ ಸಂಘಕ್ಕೆ ಬರುವ ಹುಡುಗನಿಗೆ ಅಂಕದ ಆಸೆಯಿಲ್ಲ, ಅಧ್ಯಾಪಕರ ಮುಲಾಜಿಲ್ಲ. ಪ್ರಯೋಗಶಾಲೆಯಿಂದ ಕೈ ತೊಳೆದುಕೊಂಡು ನೇರವಾಗಿ ಪದ್ಯ ಓದಲು ಬರುವ ವಿದ್ಯಾರ್ಥಿಗಳು ಅವರು. ಕನ್ನಡ ವಿಭಾಗದವರೇ ಕನ್ನಡ ಸಂಘಕ್ಕೆ ಬರಬೇಕೆಂದು ನಾವು ತಿಳಿದುಕೊಂಡಿದ್ದೇವೆ. ವಾಣಿಜ್ಯದವರಿಗೆ, ಅರ್ಥಶಾಸ್ತ್ರದವರಿಗೆ ನಾವು ಆಹ್ವಾನವನ್ನೇ ಕೊಡುವುದಿಲ್ಲ. ಸೆಂಟ್ರಲ್ ಕಾಲೇಜಿನ ಸಂಘ ಈ ಲೆಕ್ಕದಲ್ಲಿ ನಡೆದಿದ್ದರೆ ಮೊದಲ ವರ್ಷವೇ ಬಾಗಿಲು ಹಾಕಬೇಕಾಗಿತ್ತು.

ಉದಾಹರಣೆಗೆ ಕೆ. ಎಸ್. ನಿಸಾರ್ ಅಹಮದ್ ಅವರನ್ನು ನೋಡಬಹುದು. ದೇವನಹಳ್ಳಿಯಲ್ಲಿ ೧೯೩೬ರಲ್ಲಿ ಹುಟ್ಟಿದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಭೂವಿಜ್ಞಾನ, ೧೯೫೯ರಲ್ಲಿ ಎಂ. ಎಸ್‌ಸಿ. ಪದವಿ ಪಡೆದರು. ಕಲ್ಲು ಮಣ್ಣುಗಳ ಶಾಸ್ತ್ರ ಕಲಿಯಲು ಬಂದ ಹುಡುಗ ೧೯೬೦ರಲ್ಲಿ ‘ಮನಸು ಗಾಂಧಿ ಬಜಾರು’ ಎಂಬ ಕವನ ಸಂಕಲನ ಹೊರತಂದರೆ ಅದರ ಹಿಂದೆ ಆ ಆವರಣದ ಗಾಳಿಯೂ ಇತ್ತೆನ್ನಬೇಕು. ರಾಜರತ್ನಂ, ವಿ. ಸೀತಾರಾಮಯ್ಯ, ಎಲ್. ಎಸ್. ಶೇಷಗಿರಿರಾವ್ ಮೊದಲಾದ ಗುರುಗಳ ಪ್ರಭಾವವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ನಿಸಾರರು ಜೀವನವಿಡೀ ಭೂವಿಜ್ಞಾನದ ಅಧ್ಯಾಪಕರಾಗಿದ್ದುಕೊಂಡೇ ಕನ್ನಡದ ಕವಿಗಳಾದರು, ೨೦೨೦ರಲ್ಲಿ ತೀರಿಕೊಂಡರು.

ರಾಜರತ್ನಂ ಈ ಸಂಘದಲ್ಲಿ ಮಾಡಿದ್ದೇನು? ದೊಡ್ಡವರನ್ನು ಕರೆಸಿ ಭಾಷಣ ಮಾಡಿಸುವುದು ಎಲ್ಲ ಸಂಘಗಳೂ ಮಾಡುವ ಕೆಲಸ. ಅವರು ಅದರಿಂದ ಮುಂದಕ್ಕೆ ಹೋಗಿ ವಿದ್ಯಾರ್ಥಿಗಳು ಬರೆದದ್ದನ್ನು ಪುಸ್ತಕ ಮಾಡಿಸಿದರು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಂದು ಪದ್ಯ ಬಂದರೆ ನಾವು ಅದನ್ನು ಮನೆಗೆ ಒಯ್ದು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತೇವೆ. ಅವರು ವಿದ್ಯಾರ್ಥಿಯ ಬರಹವನ್ನು ಪ್ರತ್ಯೇಕವಾದ ಪುಸ್ತಕವಾಗಿ, ಬೆಲೆ ಹಾಕಿ, ಪೇಟೆಗೆ ಇಳಿಸಿದರು. ‘ವಿದ್ಯಾರ್ಥಿ ವಿಚಾರ ವಿಲಾಸ’ವೆಂಬ ಹೆಸರಿನ ಅವರ ಪ್ರಕಟಣೆಯ ಉದ್ದೇಶವೇ ಇದು. ಬಿಡಿಬಿಡಿಯಾಗಿ ಯೋಚಿಸಿದರೆ ಇದರಲ್ಲಿ ಎಷ್ಟು ಕೆಲಸಗಳಿವೆ! ಬರೆಯುವವನನ್ನು ಹುಡುಕಬೇಕು, ಬರೆದದ್ದನ್ನು ತಿದ್ದಬೇಕು, ಕಾಗದಕ್ಕೆ ಹಣ ಕೂಡಿಸಬೇಕು, ಅಚ್ಚುಕೂಟಕ್ಕೆ ಅಲೆಯಬೇಕು, ಕರಡು ನೋಡಬೇಕು, ಅಚ್ಚಾಗಿ ಬಂದ ಕಟ್ಟುಗಳನ್ನು ಇಡಲು ಜಾಗ ನೋಡಬೇಕು, ಕೊನೆಗೆ ಕೊಳ್ಳುವವರನ್ನು ಹುಡುಕಬೇಕು. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸ್ವಭಾವದ ಹುಡುಗರು ಬೇಕು. ಪದ್ಯ ಬರೆಯಲು ಬಾರದವನು ಲೆಕ್ಕ ಬರೆಯಬಹುದು. ಮಾತನಾಡಲು ನಾಚುವವನು ಕರಡು ತಿದ್ದಬಹುದು. ಭಾಷಣದ ಸಭೆಯಲ್ಲಿ ಒಬ್ಬ ಮಾತನಾಡುತ್ತಾನೆ, ಉಳಿದವರು ಆಕಳಿಸುತ್ತಾರೆ. ಪುಸ್ತಕ ಹೊರಡಿಸುವ ಸಂಘದಲ್ಲಿ ಆಕಳಿಸಲು ಬಿಡುವಿಲ್ಲ. ಅವರ ಸಂಘ ಬದುಕಿದ್ದಕ್ಕೆ ಅವರ ಪಾಂಡಿತ್ಯವಾಗಲಿ ಹಾಸ್ಯವಾಗಲಿ ಅಷ್ಟು ಕಾರಣವಲ್ಲ, ಎಲ್ಲರ ಕೈಗೂ ಒಂದು ಕೆಲಸವಿತ್ತೆಂಬುದೇ ಕಾರಣವೆಂದು ನನಗೆ ತೋರುತ್ತದೆ.

ಪುಸ್ತಕ ಮಾರುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ತಮ್ಮ ಪುಸ್ತಕಗಳನ್ನೂ ಸಂಘದ ಪುಸ್ತಕಗಳನ್ನೂ ಚೀಲದಲ್ಲಿ ಹೊತ್ತುಕೊಂಡು ಹೋಗಿ ಮಾರಿದವರು ಅವರು. ಸಾಹಿತಿ ಪುಸ್ತಕ ಬರೆಯಬೇಕು, ಮಾರುವುದು ಅಂಗಡಿಯವರ ಕೆಲಸ, ಹೊತ್ತು ತಿರುಗುವುದು ಗೌರವಕ್ಕೆ ಕಡಮೆ ಎಂದು ತಿಳಿದವರ ನಡುವೆ ಇದು ಸಾಮಾನ್ಯವಾದ ಮಾತಲ್ಲ. ಸಾಹಿತ್ಯ ಪರಿಚಾರಕನೆಂದು ಹೆಸರಿಟ್ಟುಕೊಂಡವರಿಗೆ ಹೊರೆ ಹೊರುವುದೂ ಪರಿಚರ್ಯೆಯೇ ಅಲ್ಲವೆ? ದೇವಸ್ಥಾನದಲ್ಲಿ ಪರಿಚಾರಕನಾದವನು ನೀರು ತರುತ್ತಾನೆ, ಪಾತ್ರೆ ಬೆಳಗುತ್ತಾನೆ. ಮಂಗಳಾರತಿ ತಟ್ಟೆ ಹಿಡಿಯುವುದು ಬೇರೆಯವರು. ಆ ಹೆಸರನ್ನು ಅವರು ಬಹಳ ಯೋಚಿಸಿಯೇ ಆರಿಸಿಕೊಂಡಿರಬೇಕು. ಮೇಷ್ಟರೇ ಚೀಲ ಹೊತ್ತರೆ ಶಿಷ್ಯ ಕೈಬೀಸಿಕೊಂಡು ನಡೆಯುವುದು ಹೇಗೆ? ಹುಡುಗರಿಗೆ ಸೇವೆಯ ವಿಷಯವಾಗಿ ಉಪನ್ಯಾಸ ಕೊಡುವ ಅವಶ್ಯಕತೆ ಅವರಿಗೆ ಬೀಳಲಿಲ್ಲ.

ಅವರ ಹಾಸ್ಯವನ್ನು ಕುರಿತು ಒಂದು ಮಾತು. ಕನ್ನಡದಲ್ಲಿ ಅಣಕವಾಡುಗಳಿಗೆ ಒಂದು ಅಂತಸ್ತು ತಂದುಕೊಟ್ಟವರಲ್ಲಿ ಅವರು ಮೊದಲಿಗರು. ‘ಪುರುಷ ಸರಸ್ವತಿ’ಯಲ್ಲಿ ಸಮಕಾಲೀನ ಕವಿಗಳ ಧಾಟಿಯನ್ನೇ ಹಿಡಿದು ಅವರನ್ನು ನಗಿಸಿದ್ದಾರೆ, ತಾವೂ ನಕ್ಕಿದ್ದಾರೆ. ‘ಕಂಬಳಿ ಸೇವೆ’, ‘ನರಕದ ನ್ಯಾಯ’, ‘ಗಂಡುಗೊಡಲಿ’ ಎಂಬ ನಾಟಕಗಳನ್ನು ಬರೆದರು. ‘ಹತ್ತು ವರುಷ’, ‘ನಿರ್ಭಯಾಗ್ರಫಿ’ ಎಂಬ ತಮ್ಮ ಬದುಕಿನ ಬರಹಗಳಲ್ಲಿ ತಮ್ಮನ್ನೂ ಬಿಟ್ಟಿಲ್ಲ. ಆ ಎರಡನೆಯ ಹೆಸರೇ ಅವರ ಬಗೆಯನ್ನು ತಿಳಿಸುತ್ತದೆ. ಹೆಸರುವಾಸಿಯಾದ ಕವಿಯನ್ನು ಎದುರಿಗೇ ಅಣಕಿಸಬಹುದು, ಅವನೂ ಅದಕ್ಕೆ ನಗಬಹುದು ಎಂಬ ವಾತಾವರಣ ಬೆಳೆಯಬೇಕಾದರೆ ಪರಸ್ಪರ ವಿಶ್ವಾಸ ಎಷ್ಟಿರಬೇಕು! ನನ್ನ ಹಕಾರಕ್ಕೆ ಬಂದ ನಗುವಿಗೂ ಈ ನಗುವಿಗೂ ಇರುವ ಅಂತರ ಅದೇ. ಅದು ಒಬ್ಬನನ್ನು ಹೊರಗೆ ಹಾಕಿದ ನಗು. ಇದು ಹೊರಗಿದ್ದವನನ್ನೂ ಒಳಗೆ ಕರೆಯುವ ನಗು.

ಅವರಲ್ಲಿ ದೋಷವಿರಲಿಲ್ಲವೆಂದು ಹೊಗಳಿಕೆಯ ಭರದಲ್ಲಿ ಹೇಳಿಬಿಡುವುದು ಸರಿಯಲ್ಲ. ರತ್ನನಂಥ ಪಾತ್ರವನ್ನು ಇಪ್ಪತ್ತರ ವಯಸ್ಸಿನ ಸುಮಾರಿನಲ್ಲಿ ಸೃಷ್ಟಿಸಿದವರು ಮುಂದೆ ಅದಕ್ಕಿಂತ ಹಿರಿದಾದ ಕಾವ್ಯವನ್ನು ಕೊಡಲಿಲ್ಲವೆಂಬ ಆಕ್ಷೇಪ ಇದೆ. ಅದನ್ನು ತಳ್ಳಿಹಾಕುವುದು ಕಷ್ಟ. ಅನುವಾದ, ಸಂಪಾದನೆ, ಸಂಗ್ರಹ, ಪರಿಚಯ ಎಂದು ನೂರಾರು ಪುಸ್ತಕಗಳ ಕೆಲಸದಲ್ಲಿ ಕವಿಯ ಹೊತ್ತು ಹಂಚಿಹೋಯಿತು. ಬೇರೆಯವರ ಮಕ್ಕಳ ಪದ್ಯದ ಕರಡು ತಿದ್ದುತ್ತ ಕಳೆದ 
ಸಂಜೆಗಳಲ್ಲಿ ತಮ್ಮದೇ ಎಷ್ಟು ಪದ್ಯಗಳು ಹುಟ್ಟದೆ ಹೋದವೋ! ನಮ್ಮ ತರಗತಿಯಲ್ಲಿ ಈ ವಿಷಯವಾಗಿ ಒಂದು ಗಂಟೆ ವಾದವಾಯಿತು. ಗೆಳತಿಯೊಬ್ಬಳು ಅವರು ತಪ್ಪು ಮಾಡಿದರೆಂದೇ ವಾದಿಸಿದಳು. ಕವಿಯಾದವನು ಸ್ವಾರ್ಥಿಯಾಗಿರಬೇಕೆಂಬುದು ಅವಳ ಮತ. ನಾನು ಒಪ್ಪಲಿಲ್ಲ, ಆದರೆ ಅವಳಿಗೆ ಕೊಡಲು ನನ್ನಲ್ಲಿ ಉತ್ತರವೂ ಇರಲಿಲ್ಲ. ಒಬ್ಬ ವ್ಯಕ್ತಿಯ ಮೇಲೆ ನಿಂತ ಸಂಘ ಆ ವ್ಯಕ್ತಿಗೆ ವರ್ಗವಾದ ದಿನ ತಬ್ಬಲಿಯಾಗುತ್ತದೆಂಬುದು ಇನ್ನೊಂದು ಮಾತು. ಸರ್ಕಾರಿ ಕಾಲೇಜಿನಲ್ಲಿ ಓದುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಮೇಷ್ಟರು ಬಂದು ಒಂದು ವರ್ಷ ಎಲ್ಲವೂ ಕಳೆಗಟ್ಟುತ್ತದೆ, ಮೇ ತಿಂಗಳಲ್ಲಿ ವರ್ಗದ ಆದೇಶ ಬರುತ್ತದೆ, ಜುಲೈ ತಿಂಗಳಲ್ಲಿ ಕೊಠಡಿಗೆ ಬೀಗ. ರಾಜರತ್ನಂ ಅವರಿಗೂ ಊರೂರಿಗೆ ವರ್ಗವಾಗುತ್ತಿತ್ತು. ಸೆಂಟ್ರಲ್ ಕಾಲೇಜಿನ ಸಂಘ ಅವರಿಗಿಂತ ಮುಂಚೆ ಇತ್ತು, ಅವರ ಅನಂತರವೂ ನಡೆಯಿತು. ಪ್ರತಿ ವರ್ಷ ಬದಲಾಗುವ ವಿದ್ಯಾರ್ಥಿಗಳು ಅದರ ಕೆಲಸವನ್ನು ಕಲಿತು ಮುಂದಿನವರಿಗೆ ಕಲಿಸಿ ಹೋಗುತ್ತಿದ್ದದ್ದು ಅದಕ್ಕೆ ಸಹಾಯವಾಗಿರಬೇಕು.

ಅವರು ನಿವೃತ್ತರಾದ ೧೯೬೪ರಲ್ಲಿಯೇ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ, ಸೆಂಟ್ರಲ್ ಕಾಲೇಜು ಮೈಸೂರಿನ ಮಡಿಲಿನಿಂದ ಅದರ ಮಡಿಲಿಗೆ ಬಂತು. ನಿವೃತ್ತಿಯಿಂದ ರಾಜರತ್ನಂ ಅವರ ದಿನಚರಿಯೇನೂ ಬದಲಾಗಲಿಲ್ಲ. ಬರೆಯುವುದು, ಅಚ್ಚು ಹಾಕಿಸುವುದು, ಮಾತನಾಡುವುದು ನಡೆದೇ ಇತ್ತು. ೧೯೭೭ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಪದವಿ ನೀಡಿತು. ಕೆಳಗಿನ ಹಂತದ ಪಂಡಿತರಾಗಿ ಸೇರಿದ್ದ ವಿಶ್ವವಿದ್ಯಾನಿಲಯದಿಂದಲೇ ಈ ಗೌರವ ಬಂತೆಂಬುದನ್ನು ಅವರ ಶಿಷ್ಯರು ಸಂತೋಷದಿಂದ ಗಮನಿಸಿರಬೇಕು. ೧೯೭೮ರಲ್ಲಿ ದೆಹಲಿಯಲ್ಲಿ ಸೇರಿದ ಐವತ್ತನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಕ್ಲೋಸ್‌ಪೇಟೆಯಲ್ಲಿ ಹುಟ್ಟಿ, ಹಳ್ಳಿಗರ ಬಾಯಿಮಾತಿಗೆ ಹಾಡಿನ ಪಟ್ಟ ಕಟ್ಟಿದವರು ರಾಜಧಾನಿಯ ಆ ಪೀಠದಲ್ಲಿ ಕುಳಿತರು. ಮರುವರ್ಷ, ೧೯೭೯ರ ಮಾರ್ಚ್ ೧೩ರಂದು, ತೀರಿಕೊಂಡರು.

ಅವರನ್ನು ಕಂಡವರು ಈಗ ನಮ್ಮ ಸುತ್ತಿನಲ್ಲಿ ವಿರಳ. ಈ ಲೇಖನಕ್ಕಾಗಿ ನಾನು ರಾಮನಗರದಲ್ಲಿ ನಾಲ್ಕಾರು ಹಿರಿಯರನ್ನು ವಿಚಾರಿಸಿದೆ. ಅವರು ಹುಟ್ಟಿದ ಮನೆ ಯಾವ ಬೀದಿಯಲ್ಲಿತ್ತೆಂದು ತೋರಿಸುವವರು ನನಗೆ ಸಿಕ್ಕಲಿಲ್ಲ. ಆದರೆ ವಿಚಾರಿಸಿದವರಲ್ಲಿ ಒಬ್ಬರು, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ಹಿರಿಯರು, ಮಾತು ಮುಗಿಯುವ ಮುನ್ನವೇ ರತ್ನನ ಪದವೊಂದನ್ನು ಮೊದಲಿನಿಂದ ಕೊನೆಯವರೆಗೆ ರಾಗವಾಗಿ ಹೇಳಿಬಿಟ್ಟರು. ಬರೆದವರ ಹೆಸರು ಅವರಿಗೆ ಗೊತ್ತಿರಲಿಲ್ಲ.

ನಮ್ಮ ಸಂಘದ ಸಭೆಯ ವೇಳೆಯನ್ನು ಆಗಸ್ಟಿನಿಂದ ಮಧ್ಯಾಹ್ನದ ಊಟದ ಬಿಡುವಿಗೆ ಬದಲಾಯಿಸಿದ್ದೇವೆ. ಬಸ್ಸಿನವರಿಗೆ ಅನುಕೂಲವಾಗಲೆಂದು ಅಧ್ಯಾಪಕರೇ ಒಪ್ಪಿದರು. ಬುತ್ತಿ ಬಿಚ್ಚಿಕೊಂಡೇ ಕೂರುತ್ತೇವೆ. ವಾಣಿಜ್ಯ ವಿಭಾಗದವರಿಗೂ ಆಹ್ವಾನ ಹೋಯಿತು. ಅವರಲ್ಲಿ ಇಬ್ಬರು ಲೆಕ್ಕ ನೋಡಿಕೊಳ್ಳಲು ಒಪ್ಪಿದ್ದಾರೆ, ಏಕೆಂದರೆ ಇಪ್ಪತ್ತನಾಲ್ಕು ಪುಟಗಳ ಒಂದು ಪುಸ್ತಕ ಹೊರಡಿಸಬೇಕೆಂದು ನಿಶ್ಚಯವಾಗಿದೆ. ವಿಷಯ, ನಮ್ಮ ನಮ್ಮ ಊರುಗಳಲ್ಲಿ ಅಜ್ಜಿಯರು ಆಡುವ ಮಾತುಗಳು. ಒಬ್ಬೊಬ್ಬರು ಹತ್ತು ಹತ್ತು ಮಾತು ಬರೆದು ತರಬೇಕು. ಬೈರಾಪಟ್ಟಣದ ಪಾಲಿಗೆ ನಾನು ತಂದ ಪಟ್ಟಿಯಲ್ಲಿ ಮೊದಲನೆಯದು ಆಲು. ಕಳೆದ ಸಭೆಯಲ್ಲಿ ಅದನ್ನು ಎದ್ದು ನಿಂತು ಓದಿದೆ. ಅಂದು ಕೊಠಡಿಯಲ್ಲಿ ಇಪ್ಪತ್ತಾರು ಜನರಿದ್ದರು. ನಗು ಬಂತು, ನನಗೂ ಬಂತು. ಕನಕಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು ತಮ್ಮ ಹಳ್ಳಿಯಲ್ಲಿಯೂ ಹಾಗೆಯೇ ಅನ್ನುತ್ತಾರೆಂದು ಹೇಳಿ, ತನ್ನ ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿ ಬೇರೊಂದು ಮಾತು ಬರೆದುಕೊಂಡಳು.